ಮೂರು ಸುತ್ತು ಬಾಕಿ ಇರುವಾಗಲೇ ಮುಗಿದ ಲೀಗ್: ಥಾಯ್ ಲೀಗ್ 2016, ಪದೇ ಪದೇ ಕೇಳುವ ಪ್ರಶ್ನೆಗಳು

ಏಷ್ಯಾದ ಫುಟ್‌ಬಾಲ್ ನೋಡುವ ಗೆಳೆಯರ ನಡುವೆ ಥಾಯ್ಲೆಂಡಿನ ಮಾತು ಬಂದರೆ 2016ರ ಸೀಸನ್ ಬಾರದೆ ಇರುವುದಿಲ್ಲ. ಕೇಳುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಪ್ರತಿ ಸಲ ಮೊದಲಿಂದ ಹೇಳಿ ಹೇಳಿ ಸಾಕಾಗಿ, ಎಲ್ಲವನ್ನೂ ಒಂದೆಡೆ ಬರೆದಿಟ್ಟಿದ್ದೇನೆ. ನನ್ನ ಅಭಿಪ್ರಾಯವೂ ಅಲ್ಲಲ್ಲಿ ನುಸುಳಿದೆ. ಒಪ್ಪದಿದ್ದರೆ ಜಗಳಕ್ಕೆ ಬರಬಹುದು.

ಆ ವರ್ಷ ಆಗಿದ್ದೇನು? ಮೊದಲು ಚುಟುಕಾಗಿ ಹೇಳಿ.

ಹದಿನೆಂಟು ತಂಡಗಳ ಲೀಗ್, ಒಟ್ಟು 34 ಸುತ್ತು. 31 ಸುತ್ತು ಮುಗಿದಿತ್ತು. 2016ರ ಅಕ್ಟೋಬರ್ 13ರಂದು ದೊರೆ ಭೂಮಿಬೋಲ್ ಅದುಲ್ಯದೇಜ್ ಬ್ಯಾಂಕಾಕಿನ ಸಿರಿರಾಜ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಮರುದಿನವೇ ಥಾಯ್ ಫುಟ್‌ಬಾಲ್ ಸಂಸ್ಥೆ ಉಳಿದ ಪಂದ್ಯಗಳನ್ನು ರದ್ದು ಮಾಡಿತು. ಆ ಹೊತ್ತಿಗೆ ಪಟ್ಟಿಯ ತುದಿಯಲ್ಲಿದ್ದ ಮುವಾಂಗ್‌ಥಾಂಗ್ ಯುನೈಟೆಡ್ ಚಾಂಪಿಯನ್ ಆಯಿತು, ಕೆಳಗಿದ್ದ ಮೂರು ತಂಡಗಳು ಎರಡನೇ ದರ್ಜೆಗೆ ಇಳಿದವು. ಲೀಗಿನ ಜೊತೆಗೇ ನಡೆಯುವ ನಾಕೌಟ್ ಟೂರ್ನಿ ಎಫ್‌ಎ ಕಪ್ಪನ್ನು ನಾಲ್ಕು ತಂಡಗಳಿಗೆ ಹಂಚಿದರು. ಆ ನಾಲ್ವರಲ್ಲಿ ಏಷ್ಯಾ ಮಟ್ಟಕ್ಕೆ ಹೋಗುವವರು ಯಾರೆಂಬುದನ್ನು ಡ್ರಾ, ಅಂದರೆ ಚೀಟಿ, ಎತ್ತಿ ಆರಿಸಿದರು.

ದೊರೆ ತೀರಿಕೊಂಡರೆ ಲೀಗನ್ನೇ ನಿಲ್ಲಿಸಬೇಕಾ? ಒಂದು ತಿಂಗಳು ಮುಂದೂಡಬಹುದಿತ್ತಲ್ಲ?

ಎಲ್ಲರೂ ಕೇಳುವ ಪ್ರಶ್ನೆ ಇದು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ.

ಮೊದಲು ಆ ಸಾವಿನ ತೂಕ ನೋಡಿ. ಭೂಮಿಬೋಲ್ ಪಟ್ಟಕ್ಕೆ ಬಂದಿದ್ದು 1946ರ ಜೂನಿನಲ್ಲಿ. ತೀರಿಕೊಂಡಾಗ 88 ವರ್ಷ, ಅದರಲ್ಲಿ 70 ವರ್ಷ ದೊರೆ. ಬದುಕಿದ್ದ ಥಾಯ್ ಜನರಲ್ಲಿ ಬಹುಪಾಲು ಮಂದಿ ಇನ್ನೊಬ್ಬ ದೊರೆಯನ್ನು ಕಂಡವರೇ ಅಲ್ಲ. ಸರ್ಕಾರ 30 ದಿನ ಮನರಂಜನೆ ಬೇಡ ಎಂದಿತು, ಸರ್ಕಾರಿ ನೌಕರರಿಗೆ ವರ್ಷವಿಡೀ ಶೋಕಾಚರಣೆ. ಟಿವಿ ಪರದೆಯಿಂದ ಬಣ್ಣ ಮಾಯವಾಯಿತು, ಸುದ್ದಿ ಜಾಲತಾಣಗಳು ಕಪ್ಪುಬಿಳುಪಿಗೆ ತಿರುಗಿದವು. ಅಂಗಡಿಗಳಲ್ಲಿ ಕಪ್ಪು ಬಟ್ಟೆ ಸಿಗದಾಯಿತು. ಬ್ಯಾಂಕಾಕಿನ ಬೀದಿಬದಿಯಲ್ಲಿ ದೊಡ್ಡ ಪಾತ್ರೆಗಳಲ್ಲಿ ಕಪ್ಪು ಬಣ್ಣ ಕುದಿಸಿ ಜನರ ಬಟ್ಟೆ ಅದ್ದಿ ಕೊಡುತ್ತಿದ್ದರು. ಕೆಂಪು ಅಂಗಿ ಕೊಟ್ಟವನು ಹಬೆಯಾಡುವ ಕರಿ ಅಂಗಿಯನ್ನು ಕೋಲಿನ ತುದಿಯಿಂದ ತೆಗೆದುಕೊಂಡು ಹೋಗುತ್ತಿದ್ದ. ಅಂಥ ವಾರದಲ್ಲಿ ಡೋಲು ಬಡಿದು, ಬಾವುಟ ಬೀಸಿ ಪಂದ್ಯ ನಡೆಸಿ ಎಂದು ಕೇಳುವ ಧೈರ್ಯ ಯಾವ ಕ್ಲಬ್ಬಿಗೂ ಇರಲಿಲ್ಲ.

ಸರಿ, 30 ದಿನ ಕಳೆದ ಮೇಲೆ? ಕ್ಯಾಲೆಂಡರ್ ತೆಗೆದುನೋಡಿ. ನವೆಂಬರ್ 15ಕ್ಕೆ ಆಸ್ಟ್ರೇಲಿಯಾ ವಿರುದ್ಧ ವಿಶ್ವಕಪ್ ಅರ್ಹತಾ ಪಂದ್ಯ. ನವೆಂಬರ್ 19ಕ್ಕೆ ಫಿಲಿಪ್ಪೀನ್ಸ್‌ನಲ್ಲಿ ಆಸಿಯಾನ್ ಚಾಂಪಿಯನ್‌ಶಿಪ್, ಅಂದರೆ ಸುಜುಕಿ ಕಪ್ ಶುರು. ಅದರ ಫೈನಲ್ ಡಿಸೆಂಬರ್ 17ಕ್ಕೆ. ರಾಷ್ಟ್ರೀಯ ತಂಡದ ಅರ್ಧಕ್ಕರ್ಧ ಮಂದಿ ಲೀಗಿನ ಮುಂಚೂಣಿ ತಂಡದವರು. ಅವರನ್ನು ಬಿಟ್ಟು ಲೀಗ್ ನಡೆಸಿದರೆ ಅದೇನು ಲೀಗು? ಅವರು ಬರುವವರೆಗೆ ಕಾದರೆ ಕ್ರಿಸ್‌ಮಸ್, ಆಮೇಲೆ ಹೊಸ ವರ್ಷ, ಜನವರಿಗೆ ಏಷ್ಯಾ ಮಟ್ಟದ ಅರ್ಹತಾ ಪಂದ್ಯ. ಆಗ ಅಲ್ಲಿ ಲೀಗ್ ನಡೆಯುತ್ತಿದ್ದುದೇ ವರ್ಷದ ಆರಂಭದಿಂದ ಕೊನೆಯವರೆಗೆ. ಮೂರು ಸುತ್ತು ತೂರಿಸಲು ಜಾಗವಿರಲಿಲ್ಲ ಎಂದಲ್ಲ, ಆದರೆ ತೀರಾ ಇಕ್ಕಟ್ಟು. ನಿಲ್ಲಿಸಿದ್ದು ಸರಿಯೇ ಅನ್ನುವುದು ನನ್ನ ಎಣಿಕೆ. ತಪ್ಪಾದದ್ದು ನಿಲ್ಲಿಸಿದ ಮೇಲೆ ಹಂಚಿದ ರೀತಿಯಲ್ಲಿ. ಅದಕ್ಕೆ ಕೆಳಗೆ ಬರುತ್ತೇನೆ.

ಮುವಾಂಗ್‌ಥಾಂಗ್ ನಿಜಕ್ಕೂ ಗೆದ್ದಿತ್ತಾ, ಅಥವಾ ಕೊಟ್ಟದ್ದಾ?

ಲೆಕ್ಕ ಹಾಕೋಣ. ಮುವಾಂಗ್‌ಥಾಂಗ್ 80 ಅಂಕ, ಎರಡನೇ ಸ್ಥಾನದ ಬ್ಯಾಂಕಾಕ್ ಯುನೈಟೆಡ್ 75. ಉಳಿದದ್ದು ಮೂರು ಪಂದ್ಯ, ಒಂಬತ್ತು ಅಂಕ. ಬ್ಯಾಂಕಾಕ್ ಮೂರನ್ನೂ ಗೆದ್ದರೆ 84. ಮುವಾಂಗ್‌ಥಾಂಗ್ ಒಂಬತ್ತರಲ್ಲಿ ಐದು ಗಳಿಸಿದರೆ ಸಾಕು, ಯಾರ ಹಂಗೂ ಬೇಡ. ಅಂದು ಆಫೀಸಿನ ಕ್ಯಾಂಟೀನಿನಲ್ಲಿ ಟಿಶ್ಯೂ ಕಾಗದದ ಮೇಲೆ ನಾವು ಮೂವರು ಇದೇ ಲೆಕ್ಕ ಬರೆದು ಜಗಳವಾಡಿದ್ದು ನೆನಪಿದೆ. ಒಬ್ಬನ ವಾದ: ಗಣಿತದಲ್ಲಿ ಮುಗಿಯದ ಲೀಗು ಮುಗಿದಿಲ್ಲ. ನನ್ನ ವಾದ: ಸೀಸನ್ ಉದ್ದಕ್ಕೂ ಮೂರೇ ಪಂದ್ಯ ಸೋತ ತಂಡ ಕೊನೆಯ ಮೂರರಲ್ಲಿ ಮುಗ್ಗರಿಸುತ್ತದೆ ಎಂದು ಪಣ ಕಟ್ಟುವವನು ದುಡ್ಡು ಕಳೆದುಕೊಳ್ಳುವವನೇ.

ಆದರೂ ಬ್ಯಾಂಕಾಕ್ ಯುನೈಟೆಡ್ ಕಡೆಯಿಂದ ಒಂದು ಮಾತು ಹೇಳಲೇಬೇಕು. ಮಾನೊ ಪೋಲ್ಕಿಂಗ್ ತರಬೇತಿಯ ಆ ತಂಡ ಸೋತದ್ದು ಎರಡೇ. ಸಮಬಲದ ಪಂದ್ಯಗಳು ಜಾಸ್ತಿಯಾಗಿ ಹಿಂದುಳಿಯಿತು ಅಷ್ಟೆ. ಸೋಲು ಕಡಿಮೆ ಇದ್ದೂ ಎರಡನೆಯವರಾಗಿ, ಹಿಂದಟ್ಟುವ ಅವಕಾಶವೂ ಕೈತಪ್ಪಿದರೆ ಹೊಟ್ಟೆ ಉರಿಯುವುದು ಸಹಜ.

ಮುವಾಂಗ್‌ಥಾಂಗ್ ಅಷ್ಟು ಬಲವಾಗಿದ್ದದ್ದು ಹೇಗೆ?

ಇಡೀ ರಾಷ್ಟ್ರೀಯ ತಂಡವನ್ನೇ ಒಂದು ಬಸ್ಸಿಗೆ ಹತ್ತಿಸಿದಂತಿತ್ತು. ಗೋಲಿನಲ್ಲಿ ಕವಿನ್ ತಮ್ಮಸಚ್ಚನನ್, ಮಧ್ಯದಲ್ಲಿ ಸಾರಚ್ ಯೂಯೆನ್, ಮುಂದೆ ತೀರಸಿಲ್ ದಂಗ್ದಾ. ಎಡ ಬದಿಗೆ ಬದ್ಧ ಎದುರಾಳಿ ಬುರಿರಾಮ್‌ನಿಂದಲೇ ಬಂದ ತೀರಾತೊನ್ ಬುನ್ಮತನ್. ಇದರ ಮೇಲೆ ಬಿಇಸಿ ತೇರೊ ತಂಡದಿಂದ ಒಂದು ಗುಂಪೇ ಬಂದಿಳಿಯಿತು: ಚನಾತಿಪ್ ಸೊಂಗ್‌ಕ್ರಸಿನ್, ತಾನಬೂನ್ ಕೇಸರತ್, ತ್ರಿಸ್ತಾನ್ ದೋ. ಚನಾತಿಪ್ ಐದೂಕಾಲು ಅಡಿಯೂ ಇಲ್ಲ, ಆದರೆ ಚೆಂಡು ಕಾಲಿಗೆ ಸಿಕ್ಕರೆ ಗೋಂದು ಹಚ್ಚಿದಂತೆ. ‘ಥಾಯ್ ಮೆಸ್ಸಿ’ ಎಂದು ಕರೆಯುತ್ತಿದ್ದರು. ಜಪಾನಿನ ಡಿಫೆಂಡರ್ ನವೊಅಕಿ ಅವೊಯಾಮ ಹಿಂದೆ, ಬ್ರೆಜಿಲ್‌ನ ಕ್ಲೈಟನ್ ಸಿಲ್ವ ಮುಂದೆ.

ಇವರನ್ನೆಲ್ಲ ಕೂಡಿಸಿದ್ದು ತೋಟ್ಚ್‌ತವನ್ ಸ್ರೀಪನ್, ಹಿಂದೆ ಥಾಯ್ ರಾಷ್ಟ್ರೀಯ ತಂಡದ ಮಿಡ್‌ಫೀಲ್ಡರ್ ಆಗಿದ್ದವರು. ಆ ವರ್ಷವೇ ಹೊಣೆ ಹೊತ್ತು ಆ ವರ್ಷವೇ ಗೆದ್ದರು. ಕ್ಲಬ್ಬಿಗೆ ಇದು ನಾಲ್ಕನೇ ಲೀಗ್ ಪ್ರಶಸ್ತಿ. ಮೊದಲಿನವು 2009, 2010, 2012.

ಬಿಇಸಿ ತೇರೊ ಹಿಂದಿನ ವರ್ಷ ಇಳಿದಿತ್ತಲ್ಲ, ಮತ್ತೆ ಮೇಲೆ ಹೇಗೆ ಬಂತು?

ಸರಬುರಿ ತಂಡ ಹಣವಿಲ್ಲದೆ ಹಿಂದೆ ಸರಿಯಿತು. ಜಾಗ ಖಾಲಿಯಾಯಿತು, ತೇರೊ ಉಳಿಯಿತು. ಥಾಯ್ ಲೀಗಿನಲ್ಲಿ ಇಂಥವು ಹೊಸತಲ್ಲ.

ಬುರಿರಾಮ್‌ಗೆ ಆ ವರ್ಷ ಏನಾಗಿತ್ತು?

2015ರಲ್ಲಿ ಬುರಿರಾಮ್ ಯುನೈಟೆಡ್ ಒಂದೂ ಪಂದ್ಯ ಸೋಲದೆ ಲೀಗ್ ಗೆದ್ದು, ಒಟ್ಟು ಐದು ಟ್ರೋಫಿ ಹೊತ್ತಿತ್ತು. 2016ರಲ್ಲಿ ನಾಲ್ಕನೇ ಸ್ಥಾನ. ಏರಿದಷ್ಟೇ ವೇಗದಲ್ಲಿ ಇಳಿದದ್ದು ಏಷ್ಯನ್ ಚಾಂಪಿಯನ್ಸ್ ಲೀಗಿನ ಮೊದಲ ಪಂದ್ಯದಲ್ಲೇ ಕಂಡಿತು: ತವರಿನಲ್ಲಿ ದಕ್ಷಿಣ ಕೊರಿಯಾದ ಎಫ್‌ಸಿ ಸೋಲ್ ವಿರುದ್ಧ 0-6. ತರಬೇತುದಾರ ಅಲೆಕ್ಸಾಂಡ್ರೆ ಗಾಮ ಹೋದರು, ಇರಾನ್ ತಂಡವನ್ನು ನಡೆಸಿದ್ದ ಅಫ್ಶಿನ್ ಗೊತ್ಬಿ ಬಂದರು, ಅವರೂ ಹೋಗಿ ರಾಂಕೊ ಪೊಪೊವಿಚ್ ಬಂದರು. ಕ್ಲಬ್ಬಿನ ಯಜಮಾನ, ರಾಜಕಾರಣಿ ನೆವಿನ್ ಚಿದ್‌ಚೊಬ್ ತಾಳ್ಮೆಗೆ ಹೆಸರಾದವರಲ್ಲ. ಆದರೆ ಅಲ್ಲಿ ಕಟ್ಟಿದ ವ್ಯವಸ್ಥೆ ಗಟ್ಟಿ. 2017ರಲ್ಲೇ 86 ಅಂಕದೊಂದಿಗೆ ಪ್ರಶಸ್ತಿ ವಾಪಸ್ ತಂದರು.

ಈ ಊರುಗಳ ಹೆಸರು ನಾಲಿಗೆಗೆ ಹತ್ತುವುದೇ ಇಲ್ಲ. ನೆನಪಿಟ್ಟುಕೊಳ್ಳಲು ದಾರಿ ಇದೆಯಾ?

ನನಗೆ ತೀರಾ ಇಷ್ಟದ ಪ್ರಶ್ನೆ! ಕನ್ನಡದವರಿಗೆ ಈ ಹೆಸರುಗಳು ಇಂಗ್ಲಿಷ್ ಕಾಮೆಂಟರಿಯವರಿಗಿಂತ ಸುಲಭ. ಬಹುಪಾಲು ಸಂಸ್ಕೃತದಿಂದ ಹೋದವು, ಥಾಯ್ ಬಾಯಲ್ಲಿ ಸವೆದವು. ‘ಬುರಿ’ ಎಂದರೆ ನಮ್ಮ ‘ಪುರಿ’. ಬುರಿರಾಮ್‌ನಲ್ಲಿರುವುದು ನಮ್ಮ ರಾಮ ಅಲ್ಲ, ‘ರಮ್ಯ’: ರಮ್ಯವಾದ ಪುರಿ. ರಾಚಬುರಿ ರಾಜಪುರಿ. ಸುಫನ್‌ಬುರಿ ಸುವರ್ಣಪುರಿ. ಚೊನ್‌ಬುರಿಯ ‘ಚೊನ್’ ಎಂದರೆ ‘ಜಲ’, ಸಮುದ್ರದಂಚಿನ ಊರಿಗೆ ಒಪ್ಪುವ ಹೆಸರು. ತಂಡದ ಅಡ್ಡಹೆಸರೂ ಶಾರ್ಕ್ ಮೀನಿನದು. ಸುಕೊಥಾಯ್ ‘ಸುಖೋದಯ’. ನಕೊನ್ ರಾಚಸೀಮ ‘ನಗರ ರಾಜಸೀಮಾ’. ದೊರೆಯ ಹೆಸರನ್ನೇ ಬಿಡಿಸಿದರೆ ‘ಭೂಮಿಬಲ ಅತುಲ್ಯತೇಜ’. ಒಮ್ಮೆ ಹೀಗೆ ಓದಿದರೆ ಲೀಗ್ ಪಟ್ಟಿ ಯಾವುದೋ ಹಳೆಯ ಶಾಸನದ ಸಾಲಿನಂತೆ ಕಾಣುತ್ತದೆ. ಸುಖೋದಯ ವರ್ಸಸ್ ರಾಜಪುರಿ, ಕಿಕ್ ಆಫ್ ಸಂಜೆ ಆರಕ್ಕೆ.

ಹಾಂ, ಥಾಯ್ ಪತ್ರಿಕೆಯಲ್ಲಿ ಈ ಸೀಸನ್ನಿನ ವರ್ಷ 2559 ಎಂದಿದ್ದರೆ ಗಾಬರಿ ಬೇಡ. ಅಲ್ಲಿ ಬುದ್ಧ ಶಕೆ, ನಮ್ಮ ಲೆಕ್ಕಕ್ಕೆ 543 ಸೇರಿಸಬೇಕು.

ಎಫ್‌ಎ ಕಪ್ಪಿಗೆ ಡ್ರಾ ಎತ್ತಿದ್ದು ನಿಜವಾ?

ನಿಜ. ಈ ಸೀಸನ್ನಿನಲ್ಲಿ ನನಗೆ ಇಂದಿಗೂ ಜೀರ್ಣವಾಗದ ಭಾಗ ಇದೇ.

ಕಪ್ಪಿನಲ್ಲಿ ಸೆಮಿಫೈನಲ್‌ಗೆ ಬಂದಿದ್ದವರು ನಾಲ್ವರು: ಚೊನ್‌ಬುರಿ, ರಾಚಬುರಿ ಮಿತ್ರ್ ಫೊಲ್, ಸುಕೊಥಾಯ್, ಚೈನಾಟ್ ಹಾರ್ನ್‌ಬಿಲ್. ಪಂದ್ಯಗಳು ರದ್ದಾದ್ದರಿಂದ ನಾಲ್ವರನ್ನೂ ಜಂಟಿ ವಿಜೇತರೆಂದು ಘೋಷಿಸಿದರು. ಅಲ್ಲಿಗೆ ನಿಂತಿದ್ದರೆ ಸರಿ, ಶೋಕದ ವರ್ಷದ ಮರ್ಯಾದೆ ಎಂದುಕೊಳ್ಳಬಹುದಿತ್ತು. ಆದರೆ ಕಪ್ ಗೆದ್ದವರಿಗೆ ಆಗ ಏಷ್ಯನ್ ಚಾಂಪಿಯನ್ಸ್ ಲೀಗಿನ ಅರ್ಹತಾ ಸುತ್ತಿನ ಒಂದು ಟಿಕೆಟ್ ಇರುತ್ತಿತ್ತು. ಕಪ್ಪನ್ನು ನಾಲ್ಕು ಭಾಗ ಮಾಡಬಹುದು, ಟಿಕೆಟ್ ಹರಿಯಲು ಬರುವುದಿಲ್ಲ. ಹಾಗಾಗಿ ಡ್ರಾ. ಸುಕೊಥಾಯ್ ಹೆಸರು ಬಂತು.

ಸುಕೊಥಾಯ್ ಯಾರು? ಆ ವರ್ಷವಷ್ಟೇ ಮೊದಲ ಬಾರಿಗೆ ಮೇಲಿನ ದರ್ಜೆಗೆ ಬಂದ ಪುಟ್ಟ ಕ್ಲಬ್. ‘ಬೆಂಕಿ ಬಾವಲಿಗಳು’ ಎಂಬ ಅಡ್ಡಹೆಸರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ, ನಾಲ್ವರಲ್ಲಿ ನನ್ನ ಒಲವೂ ಅವರ ಕಡೆಗೇ. ಆದರೆ ಲೀಗಿಗೊಂದು ನ್ಯಾಯ, ಕಪ್ಪಿಗೊಂದು ನ್ಯಾಯ ಆಯಿತಲ್ಲ. ಲೀಗಿನಲ್ಲಿ ‘ಇಲ್ಲಿಯವರೆಗೆ ಆಡಿದ್ದೇ ಲೆಕ್ಕ’ ಎಂದವರು ಟಿಕೆಟ್ಟಿಗೂ ಅದೇ ಮಾತು ಹೇಳಬಹುದಿತ್ತು: ನಾಲ್ವರಲ್ಲಿ ಲೀಗ್ ಪಟ್ಟಿಯಲ್ಲಿ ಮೇಲಿರುವವರಿಗೆ ಕೊಡುತ್ತೇವೆ ಎಂದು. ಅಥವಾ ಎರಡು ಸೆಮಿಫೈನಲ್, ಒಂದು ಫೈನಲ್, ಒಟ್ಟು ಮೂರೇ ಪಂದ್ಯ. ಜನವರಿಯಲ್ಲಿ ಪ್ರೇಕ್ಷಕರಿಲ್ಲದೆ ಆಡಿಸಬಹುದಿತ್ತು. ಮುಂದೂಡಲು ಜಾಗ ತೀರಾ ಇಕ್ಕಟ್ಟು ಎಂದು ನಾನೇ ಮೇಲೆ ಬರೆದೆ, ಹೌದು. ಅದು 27 ಪಂದ್ಯಗಳ ಮಾತು. ಮೂರಕ್ಕೆ ಮನಸ್ಸಿದ್ದರೆ ಜಾಗ ಸಿಗುತ್ತಿತ್ತು.

ಅಂದರೆ ಒಂದು ತಂಡ ಕಪ್ಪೂ ಗೆದ್ದು, ಕೆಳಗೂ ಇಳಿಯಿತಾ?

ಹೌದು, ಚೈನಾಟ್. ಒಂದು ಕೈಗೆ ಎಫ್‌ಎ ಕಪ್ಪಿನ ಕಾಲು ಭಾಗ, ಇನ್ನೊಂದು ಕೈಗೆ ಇಳಿಕೆಯ ಪತ್ರ. ಅವರ ಜೊತೆ ಇಳಿದವರು ಆರ್ಮಿ ಯುನೈಟೆಡ್ ಮತ್ತು ಬಿಬಿಸಿಯು. ಡ್ರಾದಲ್ಲಿ ಚೈನಾಟ್ ಹೆಸರೇ ಬಂದಿದ್ದರೆ ಎರಡನೇ ದರ್ಜೆಯ ತಂಡವೊಂದು ಥಾಯ್ಲೆಂಡನ್ನು ಪ್ರತಿನಿಧಿಸಲು ಏಷ್ಯಾ ಮಟ್ಟಕ್ಕೆ ಹೊರಡುತ್ತಿತ್ತು. ಮುಂದಿನ ವರ್ಷ ಎರಡನೇ ದರ್ಜೆಯನ್ನು ಗೆದ್ದು ಚೈನಾಟ್ ಮೇಲಕ್ಕೆ ಬಂತು ಎನ್ನುವುದೇ ಸಮಾಧಾನ. ಇವರ ಜಾಗಕ್ಕೆ ಏರಿ ಬಂದವರು ಥಾಯ್ ಹೋಂಡಾ, ಉಬೊನ್ ಯುಎಮ್‌ಟಿ ಮತ್ತು ಬ್ಯಾಂಕಾಕಿನ ಹಳೆಯ ಬಂದರು ತಂಡ ಪೋರ್ಟ್ ಎಫ್‌ಸಿ.

ಇನ್ನೊಂದು ನಾಕೌಟ್ ಟೂರ್ನಿಯಾದ ಲೀಗ್ ಕಪ್?

ಫೈನಲ್‌ಗೆ ಬಂದಿದ್ದವರು ಮುವಾಂಗ್‌ಥಾಂಗ್ ಮತ್ತು ಬುರಿರಾಮ್. ಇಬ್ಬರಿಗೂ ಹಂಚಿದರು. ಇಡೀ ದೇಶ ಕಾಯುವ ಪಂದ್ಯ ಆಡದೆಯೇ ಹೋಯಿತು.

ಆ ಕ್ಲೈಟನ್ ಸಿಲ್ವ ನಮ್ಮ ಬೆಂಗಳೂರು ಎಫ್‌ಸಿಯ ಕ್ಲೈಟನ್ನೇ ತಾನೆ?

ಅದೇ ಮನುಷ್ಯ. 2016ರಲ್ಲಿ 27 ಗೋಲು ಹೊಡೆದು ಥಾಯ್ ಲೀಗಿನ ಅತಿ ಹೆಚ್ಚು ಗೋಲಿನ ಆಟಗಾರ. 2012ರಲ್ಲೂ ಬಿಇಸಿ ತೇರೊ ಪರ 24 ಹೊಡೆದು ಆ ಪಟ್ಟವನ್ನು ತೀರಸಿಲ್ ಜೊತೆ ಹಂಚಿಕೊಂಡಿದ್ದ. 2020ರಲ್ಲಿ ಬೆಂಗಳೂರಿಗೆ ಬಂದ. ಬಂದ ಎಂದರೆ ಜರ್ಸಿಗೆ ಬಂದ, ಊರಿಗಲ್ಲ! ಕೋವಿಡ್ ಕಾರಣಕ್ಕೆ ಆತ ಆಡಿದ ಎರಡೂ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಸೀಸನ್ ಪೂರ್ತಿ ಗೋವಾದಲ್ಲೇ, ಪ್ರೇಕ್ಷಕರಿಲ್ಲದೆ ನಡೆದವು. ಕಂಠೀರವದಲ್ಲಿ ನೀಲಿ ಜರ್ಸಿಯ ಕ್ಲೈಟನ್ ಒಂದು ಐಎಸ್‌ಎಲ್ ಪಂದ್ಯವನ್ನೂ ಆಡಲಿಲ್ಲ.

ಆಮೇಲೆ ಈಸ್ಟ್ ಬೆಂಗಾಲ್ ಸೇರಿದ. 2022ರ ನವೆಂಬರ್ 11ರಂದು ಕಂಠೀರವಕ್ಕೆ ಬಂದ, ಕೆಂಪು-ಹಳದಿ ಜರ್ಸಿಯಲ್ಲಿ. ದ್ವಿತೀಯಾರ್ಧದಲ್ಲಿ ಒಂದೇ ಒಂದು ಗೋಲು ಬಿತ್ತು, ಹೊಡೆದದ್ದು ಕ್ಲೈಟನ್, ಬೆಂಗಳೂರು 0-1 ಸೋತಿತು. ನನ್ನ ಪಕ್ಕದ ಸೀಟಿನವರು ಕಡಲೆಕಾಯಿ ಪೊಟ್ಟಣ ಮಡಚಿ ಜೇಬಿಗಿಟ್ಟು, ‘ಎರಡು ವರ್ಷ ಟಿವಿಯಲ್ಲಿ ನೋಡಿ ಚಪ್ಪಾಳೆ ತಟ್ಟಿದ್ದೆ ಕಣ್ರೀ ಇವನಿಗೆ’ ಅಂದರು. ತಟ್ಟಲೋ ಬೇಡವೋ ಎಂಬಂತೆ ಎರಡು ಸಲ ತಟ್ಟಿಯೂಬಿಟ್ಟರು.

ಸುಕೊಥಾಯ್ ಮತ್ತು ಲೀಗಿನ ಮೊದಲೆರಡು ತಂಡಗಳು ಏಷ್ಯನ್ ಚಾಂಪಿಯನ್ಸ್ ಲೀಗಿನಲ್ಲಿ ಏನು ಮಾಡಿದವು?

ಸುಕೊಥಾಯ್ ಮೊದಲು ಮ್ಯಾನ್ಮಾರ್‌ನ ಯದನಾರ್ಬೊನ್ ತಂಡವನ್ನು 5-0ಯಿಂದ ಮಣಿಸಿತು. ಮುಂದಿನ ಎದುರಾಳಿ ಶಾಂಘೈ ಎಸ್‌ಐಪಿಜಿ, ಕೋಟಿ ಕೋಟಿ ಸುರಿದು ಆಸ್ಕರ್, ಹಲ್ಕ್ ಮುಂತಾದ ಬ್ರೆಜಿಲ್ ತಾರೆಯರನ್ನು ತಂದಿದ್ದ ತಂಡ. ಅಲ್ಲಿ 0-3. ಡ್ರಾದಲ್ಲಿ ಬಂದ ಅದೃಷ್ಟಕ್ಕೆ ಮರ್ಯಾದೆ ಉಳಿಸಿಕೊಂಡೇ ವಾಪಸ್ಸಾದರು.

ಬ್ಯಾಂಕಾಕ್ ಯುನೈಟೆಡ್ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ವಿರುದ್ಧ 1-1 ಮಾಡಿಕೊಂಡು ಪೆನಾಲ್ಟಿಯಲ್ಲಿ ಸೋತಿತು. ಜೊಹೊರ್ ಹೆಸರು ಬೆಂಗಳೂರಿನವರಿಗೆ ಹೊಸತಲ್ಲ. ಥಾಯ್ಲೆಂಡ್ ಶೋಕದಲ್ಲಿದ್ದ ಅದೇ ವಾರ, 2016ರ ಅಕ್ಟೋಬರ್ 19ರಂದು, ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ ಇದೇ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಏಷ್ಯಾದ ಎರಡನೇ ಹಂತದ ಕ್ಲಬ್ ಟೂರ್ನಿಯಾಗಿದ್ದ ಎಎಫ್‌ಸಿ ಕಪ್ಪಿನ ಫೈನಲ್‌ಗೆ ಹೋಗಿತ್ತು. ಸುನಿಲ್ ಛೆಟ್ರಿ ಎರಡು, ಹುವಾನನ್ ಒಂದು.

ಮುವಾಂಗ್‌ಥಾಂಗ್ ಮಾತ್ರ ಬಾಯಿ ಮುಚ್ಚಿಸಿತು. ಕಾಶಿಮಾ ಆಂಟ್ಲರ್ಸ್, ಉಲ್ಸಾನ್ ಹ್ಯೂಂಡೈ, ಬ್ರಿಸ್ಬೇನ್ ರೋರ್ ಇದ್ದ ಗುಂಪಿನಲ್ಲಿ ಎರಡನೇ ಸ್ಥಾನ. ಕಾಶಿಮಾ ಅಂದರೆ ಕೆಲವೇ ತಿಂಗಳ ಹಿಂದೆ ಕ್ಲಬ್ ವಿಶ್ವಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ಡನ್ನು ಹೆಚ್ಚುವರಿ ಸಮಯದವರೆಗೆ ಎಳೆದೊಯ್ದಿದ್ದ ತಂಡ. ಅದನ್ನು ತವರಿನಲ್ಲಿ 2-1ರಿಂದ ಸೋಲಿಸಿತು. ಹದಿನಾರರ ಘಟ್ಟದಲ್ಲಿ ಕವಾಸಾಕಿ ಫ್ರಂತಾಲೆ ಎರಡೂ ಪಂದ್ಯ ಗೆದ್ದು ಆಟ ಮುಗಿಸಿತು. ಆದರೂ ‘ಕೊಟ್ಟ ಚಾಂಪಿಯನ್’ ಎನ್ನುವವರಿಗೆ ಆ ಗುಂಪಿನ ಪಟ್ಟಿ ತೋರಿಸಿದರೆ ಸಾಕು.

ಆಸ್ಟ್ರೇಲಿಯಾ ಪಂದ್ಯದಲ್ಲಿ ಜನ ಕೂಗಲಿಲ್ಲವಂತೆ?

ನವೆಂಬರ್ 15, ರಾಜಮಂಗಲ ಕ್ರೀಡಾಂಗಣ. ಕಪ್ಪು ಬಟ್ಟೆ ತೊಟ್ಟು ಬನ್ನಿ, ಗದ್ದಲ ಬೇಡ ಎಂದು ಅಭಿಮಾನಿಗಳಿಗೆ ಮೊದಲೇ ಹೇಳಿದ್ದರು. ಆ ದಿನದ ದೃಶ್ಯ ಸಿಕ್ಕರೆ ನೋಡಿ: ಗ್ಯಾಲರಿ ತುಂಬ ಕಪ್ಪು. ಆದರೆ ಫುಟ್‌ಬಾಲ್ ಎಷ್ಟು ಹೊತ್ತು ಬಾಯಿ ಕಟ್ಟಿಸೀತು? ತೀರಸಿಲ್ ಎರಡು ಗೋಲು ಹೊಡೆದ, ಆಸ್ಟ್ರೇಲಿಯಾದ ಜೆಡಿನಾಕ್ ಎರಡು ಪೆನಾಲ್ಟಿ. 2-2. ಒಂದು ತಿಂಗಳ ಬಳಿಕ ಇಂಡೋನೇಷ್ಯಾವನ್ನು ಒಟ್ಟು 3-2ರಿಂದ ಸೋಲಿಸಿ ಸುಜುಕಿ ಕಪ್ಪನ್ನೂ ಗೆದ್ದರು. ಕಿಯತಿಸುಕ್ ಸೇನಾಮುವಾಂಗ್ ತರಬೇತಿಯ ತಂಡ ಅದು.

ಹೀಗೆ ಲೀಗ್ ಅರ್ಧಕ್ಕೆ ನಿಂತದ್ದು ಬೇರೆಲ್ಲಾದರೂ ಇದೆಯಾ?

2020ರ ನಂತರ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಾಗಿದೆ. ಫ್ರಾನ್ಸ್ ಲೀಗ್ ನಿಲ್ಲಿಸಿ ಪ್ಯಾರಿಸ್ ಸೇಂಟ್ ಜರ್ಮೇನ್‌ಗೆ ಪಟ್ಟ ಕೊಟ್ಟಿತು. ನೆದರ್ಲೆಂಡ್ಸ್ ಚಾಂಪಿಯನ್ನೂ ಇಲ್ಲ, ಇಳಿಕೆಯೂ ಇಲ್ಲ ಎಂದಿತು. ನಮ್ಮ ಐ-ಲೀಗಿನಲ್ಲಿ ಮೋಹನ್ ಬಗಾನ್ ಮೊದಲೇ ಯಾರೂ ಮುಟ್ಟಲಾಗದಷ್ಟು ಅಂಕ ಗಳಿಸಿದ್ದರಿಂದ ಪಟ್ಟದ ಬಗ್ಗೆ ತಕರಾರೇ ಹುಟ್ಟಲಿಲ್ಲ. ಥಾಯ್ಲೆಂಡ್ ಇವರೆಲ್ಲರಿಗಿಂತ ನಾಲ್ಕು ವರ್ಷ ಮೊದಲು, ಒಂದೇ ದಿನದಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾಯಿತು. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದ ಸೊಮ್ಯೊತ್ ಪೂಮ್‌ಪನ್‌ಮುವಾಂಗ್ ಹಿಂದೆ ದೇಶದ ಪೊಲೀಸ್ ಮುಖ್ಯಸ್ಥರು, ಕುರ್ಚಿಗೆ ಬಂದು ವರ್ಷವೂ ಆಗಿರಲಿಲ್ಲ.

ಆ ಮುವಾಂಗ್‌ಥಾಂಗ್ ತಂಡ ಆಮೇಲೆ ಏನಾಯಿತು?

ಚದುರಿತು. ಚನಾತಿಪ್ 2017ರ ಮಧ್ಯದಲ್ಲಿ ಜಪಾನಿನ ಕೊನ್ಸಾದೊಲೆ ಸಪ್ಪೊರೊಗೆ ಹೋಗಿ, ಮರುವರ್ಷ ಜೆ-ಲೀಗಿನ ವರ್ಷದ ಹನ್ನೊಂದರಲ್ಲಿ ಸೇರಿದ. ತೀರಸಿಲ್ ಹಿರೋಶಿಮಾಗೆ, ಕವಿನ್ ಬೆಲ್ಜಿಯಮ್ಮಿಗೆ. ತೀರಾತೊನ್ ಕೋಬೆ ಮೂಲಕ ಯೊಕೊಹಾಮ ಸೇರಿ 2019ರಲ್ಲಿ ಜೆ-ಲೀಗ್ ಪ್ರಶಸ್ತಿಯನ್ನೇ ಗೆದ್ದ. ಹೋದವರಿಗೆಲ್ಲ ಒಳ್ಳೆಯದಾಯಿತು. ಮುವಾಂಗ್‌ಥಾಂಗ್ ಮಾತ್ರ 2017ರಲ್ಲಿ ಎರಡನೇ ಸ್ಥಾನ ಪಡೆದ ಮೇಲೆ ಕೆಳಮುಖ. ನಂತರದ ಪಟ್ಟಗಳು ಬುರಿರಾಮ್, ಚಿಯಾಂಗ್‌ರಾಯ್, ಬಿಜಿ ಪಾತುಮ್, ಆಮೇಲೆ ಸಾಲುಸಾಲಾಗಿ ಮತ್ತೆ ಬುರಿರಾಮ್. ಕೊನೆಯ ಮೂರು ಪಂದ್ಯ ಆಡದೆ ಗೆದ್ದ ಆ ಪ್ರಶಸ್ತಿಯ ನಂತರ ಮುವಾಂಗ್‌ಥಾಂಗ್ ಇನ್ನೊಂದು ಲೀಗ್ ಗೆದ್ದಿಲ್ಲ.